ಎರಡು ಗಂಟೆಯ ಸರದಿ

ಕೊಡಗಿನ ಮೂರ್ನಾಡು. ಏಪ್ರಿಲ್ ತಿಂಗಳ ಒಂದು ಸಂಜೆ. ಮಳೆ ಈಗಷ್ಟೇ ಹೊಯ್ದು ನಿಂತಿದೆ. ಅಂಗನವಾಡಿ ಕೆಲಸದಿಂದ ನಿವೃತ್ತರಾದ ಒಬ್ಬರ ಮನೆಯ ಜಗಲಿ. ನಿವೃತ್ತಿಯಾಗಿ ವರ್ಷಗಳಾದರೂ ಊರಿಗೆಲ್ಲ ಅವರು ಟೀಚರೇ. ಅವರ ಅಂಗನವಾಡಿಯಲ್ಲೇ ಅಕ್ಷರ ತಿದ್ದಿ, ಈಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗಿ ಒಂದು ನೋಟ್‌ಬುಕ್ ಹಿಡಿದುಕೊಂಡು ಬಂದಿದ್ದಾಳೆ.

ಟೀಚರ್: ಮೊದಲು ಕಾಫಿ ಕುಡಿ. ಬೆಲ್ಲದ ಕಾಫಿ. ಆಮೇಲೆ ಆ ಪುಸ್ತಕ ಬಿಚ್ಚು.

ಹುಡುಗಿ: ನೀವು ಬೈಯಬಾರದು ಟೀಚರ್. ಮುಂದಿನ ತಿಂಗಳು ನಮ್ಮೂರ ಮೈದಾನದಲ್ಲಿ ಎರಡು ದಿನ ಹಾಕಿ ಇದೆಯಲ್ಲ, ಅಲ್ಲೊಂದು ಮಕ್ಕಳ ಕೋಣೆ ಮಾಡೋಣ ಅಂತ. ಆಟ ನೋಡಲು ಬಂದವರು ಮಕ್ಕಳನ್ನು ಒಂದೆರಡು ಗಂಟೆ ನಮ್ಮ ಹತ್ತಿರ ಬಿಡಬಹುದು. ದುಡ್ಡು ತೆಗೆದುಕೊಳ್ಳುವುದಿಲ್ಲ. ನಾವೇ ಒಂದಷ್ಟು ಜನ ಸೇರಿ ನೋಡಿಕೊಳ್ಳುವುದು.

ಟೀಚರ್: ಈ ಯೋಚನೆ ಎಲ್ಲಿಂದ ಬಂತು?

ಹುಡುಗಿ: ಬೆಂಗಳೂರಲ್ಲಿ ಕಾಮಿಕ್ ಕಾನ್ ಅಂತ ನಡೆಯುತ್ತದೆ. ಚಿತ್ರಕಥೆ, ಸಿನಿಮಾ, ಆಟಗಳ ಹುಚ್ಚಿರುವವರೆಲ್ಲ ವೇಷ ಹಾಕಿಕೊಂಡು ಸೇರುತ್ತಾರೆ. ಅದರ ಬಗ್ಗೆ ಓದುತ್ತಾ ಹೋದಾಗ ಅಮೆರಿಕದ ಮ್ಯಾಡಿಸನ್ ಎಂಬ ಊರಿನ ವಿಸ್‌ಕಾನ್ ಸಿಕ್ಕಿತು. ವೈಜ್ಞಾನಿಕ ಕಥೆಗಳನ್ನು ಓದುವವರ ಸಮ್ಮೇಳನ, 1977ರಲ್ಲಿ ಶುರುವಾದದ್ದು. ಹೆಂಗಸರ ಮಾತಿಗೆ ಅಲ್ಲಿ ಹೆಚ್ಚು ಬೆಲೆ. ನಡೆಸುವವರೂ ಸಂಬಳಕ್ಕೆ ಬಂದವರಲ್ಲ, ಓದುವವರೇ. ಕಾರ್ಯಕ್ರಮದ ಹೊತ್ತಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡನ್ನೂ ಅವರು ಸಮ್ಮೇಳನದ ಒಳಗೇ ಇಟ್ಟುಕೊಂಡಿದ್ದರು.

ಟೀಚರ್: ಅಂದರೆ ವೇಷ ಹಾಕಿ ಕುಣಿಯುವವರ ಜಾತ್ರೆಯಿಂದ ನಮ್ಮ ಹಾಕಿಗೆ ಬಂದೆ.

ಹುಡುಗಿ: ನಮ್ಮದೂ ಅಭಿಮಾನಿಗಳ ಜಾತ್ರೆಯೇ ಅಲ್ಲವೇ? ಕುಟುಂಬಗಳ ಹಾಕಿ ಹಬ್ಬ, ನಮ್ಮ ಕೊಡವ ಹಾಕಿ ನಮ್ಮೆಯನ್ನೇ ನೋಡಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದಾಗ ಬಂದದ್ದು 60 ಕುಟುಂಬಗಳ ತಂಡ. 2018ರ ಮಳೆಯ ಅನಾಹುತ, ಆಮೇಲೆ ಕೋವಿಡ್ ಅಂತ ಕೆಲವು ವರ್ಷ ನಿಂತೇಹೋಗಿತ್ತು. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬದವರು ನಾಪೋಕ್ಲಿನಲ್ಲಿ ಮತ್ತೆ ನಡೆಸಿದಾಗ 336 ತಂಡ. ಮರುವರ್ಷ ಅಲ್ಲೇ ಕುಂಡ್ಯೋಳಂಡದವರು ನಡೆಸಿದಾಗ 360. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡದವರ ಆತಿಥ್ಯಕ್ಕೆ 396. ಸೋತವರು ಹೊರಗೆ ಎಂಬ ಪದ್ಧತಿ, ಹಾಗಾಗಿ ಕಾಗದದ ಮೇಲೆ 395 ಪಂದ್ಯ. ಸುಮಾರು ಒಂದು ತಿಂಗಳು. ಅಜ್ಜ, ಮಗಳು, ಮೊಮ್ಮಗ ಒಂದೇ ತಂಡದಲ್ಲಿ ಸ್ಟಿಕ್ ಹಿಡಿದು ನಿಲ್ಲುವ ಪಂದ್ಯಾವಳಿ ಬೇರೆಲ್ಲಿದೆ?

ಟೀಚರ್: ಅದು ಸರಿ. ಮನೆ ಮನೆಯೇ ಎದ್ದು ಹೋಗುತ್ತದೆ. ಆದರೆ ಮನೆಯೆಲ್ಲ ಹೋದರೂ ಮನೆಯವರೆಲ್ಲ ಆಟ ನೋಡುವುದಿಲ್ಲ. ನಿನ್ನ ಅಪ್ಪ ಎಷ್ಟು ಫೈನಲ್ ನೋಡಿದ್ದಾರೆ?

ಹುಡುಗಿ: ಒಂದನ್ನೂ ತಪ್ಪಿಸಿಲ್ಲ.

ಟೀಚರ್: ಅಮ್ಮ?

ಹುಡುಗಿ: ಅಮ್ಮನೂ ಬರುತ್ತಿದ್ದರು. ಜೀಪಿನಲ್ಲಿ ಕೂತಿರುತ್ತಿದ್ದರು. ಮೊದಲು ನಾನು, ಆಮೇಲೆ ತಮ್ಮ, ಈಗ ಅಣ್ಣನ ಮಗು. ಗೋಲಾದದ್ದು ಅವರಿಗೆ ಜನರ ಕೂಗಿನಿಂದ, ಮೈಕಿನ ವಿವರಣೆಯಿಂದ ಗೊತ್ತಾಗುತ್ತಿತ್ತು. ಯಾರು ಹೊಡೆದರು ಅಂತ ಮನೆಗೆ ಹೋಗುವಾಗ ಅಪ್ಪ ಹೇಳುತ್ತಿದ್ದರು.

ಟೀಚರ್: ಹಾಗಾದರೆ ನಿನ್ನ ಯೋಜನೆ ಹುಟ್ಟಿದ್ದು ಅಮೆರಿಕದಲ್ಲಲ್ಲ, ಆ ಜೀಪಿನಲ್ಲಿ. ಇನ್ನು ಮುಂದೆ ಯಾರಾದರೂ ಕೇಳಿದರೆ ಅದನ್ನೇ ಹೇಳು.

ಹುಡುಗಿ: ಒಬ್ಬರು ಆಗಲೇ ಕೇಳಿದರು. ‘ಮಗು ಹೆತ್ತವರು ಮನೆಯಲ್ಲಿರಲಿ. ಆಟ ನೋಡುವುದೇನು ಅಷ್ಟು ಅಗತ್ಯದ ಕೆಲಸವೇ?’ ಅಂದರು. ನನಗೆ ಉತ್ತರ ಹೊಳೆಯಲಿಲ್ಲ.

ಟೀಚರ್: ಆ ಪ್ರಶ್ನೆ ಹಳೆಯದು. ನಾನು ಅಂಗನವಾಡಿಗೆ ಸೇರುವ ಮೊದಲು ಒಂದು ಕಾಫಿ ತೋಟದ ಶಿಶುಮನೆಯಲ್ಲಿ ಎರಡು ವರ್ಷ ಇದ್ದೆ. ಹಣ್ಣು ಕೊಯ್ಯುವ ಕಾಲದಲ್ಲಿ ಕೂಲಿಯವರ ಲೈನ್ ಮನೆಯ ಹೆಂಗಸರು ಬೆಳಗ್ಗೆ ಮಕ್ಕಳನ್ನು ತಂದು ಬಿಡುತ್ತಿದ್ದರು. ಜಂತಿಗೆ ಹಳೆ ಸೀರೆ ಕಟ್ಟಿ ತೊಟ್ಟಿಲು. 1951ರ ತೋಟ ಕಾರ್ಮಿಕರ ಕಾಯ್ದೆಯಲ್ಲಿ ಲೆಕ್ಕವಿತ್ತು. ತೋಟದಲ್ಲಿ 50 ಹೆಣ್ಣಾಳಾದರೂ ಇರಬೇಕು, ಇಲ್ಲವೇ ಅವರ ಮಕ್ಕಳು 20 ಆದರೂ ಇರಬೇಕು, ಆಗ ಶಿಶುಮನೆ ಕಡ್ಡಾಯ. ಅಂಗನವಾಡಿ ಬಂದದ್ದು 1975ರ ಅಕ್ಟೋಬರ್ 2ಕ್ಕೆ. ದೇಶದಲ್ಲಿ ಮೊದಲು ಶುರುವಾದ 33 ಕಡೆಗಳಲ್ಲಿ ನಮ್ಮ ಟಿ. ನರಸೀಪುರವೂ ಒಂದು. 2017ರಲ್ಲಿ ಹೆರಿಗೆ ಸೌಲಭ್ಯದ ಕಾಯ್ದೆ ತಿದ್ದಿ, 50 ಜನ ಕೆಲಸ ಮಾಡುವ ಕಚೇರಿ, ಕಾರ್ಖಾನೆಯಲ್ಲೂ ಶಿಶುಮನೆ ಇರಬೇಕು ಅಂದರು. 2023ರಲ್ಲಿ ರಾಜ್ಯ ಸರಕಾರ ‘ಕೂಸಿನ ಮನೆ’ ತಂದಿತು, 4,000 ಗ್ರಾಮ ಪಂಚಾಯಿತಿಗಳಿಗೆ ಅಂತ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳಿಗೆ. ಇಷ್ಟನ್ನೂ ಒಟ್ಟಿಗೆ ಇಟ್ಟು ನೋಡು. ಏನು ಕಾಣುತ್ತದೆ?

ಹುಡುಗಿ: ಎಲ್ಲವೂ ಕೆಲಸಕ್ಕೆ ಹೋಗುವವರಿಗೆ.

ಟೀಚರ್: ಅಂಗನವಾಡಿಯನ್ನು ಮಗುವಿನ ಹೊಟ್ಟೆಗೂ ಅಕ್ಷರಕ್ಕೂ ಮಾಡಿದರು. ಉಳಿದದ್ದೆಲ್ಲ ತಾಯಿಯ ಕೂಲಿಗೆ. ಅವಳು ಹಣ್ಣು ಕೊಯ್ದರೆ, ಮಣ್ಣು ಹೊತ್ತರೆ, ಕಡತ ನೋಡಿದರೆ ಮಗುವಿಗೆ ಒಂದು ತೊಟ್ಟಿಲು ಉಂಟು. ಅವಳು ಸುಮ್ಮನೆ ಕೂತು ಒಂದು ಆಟ ನೋಡಬೇಕೆಂದರೆ ಅದಕ್ಕೆ ಯಾವ ಕಾನೂನೂ ಇಲ್ಲ. ಬೇಕು ಅಂತ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ. ನಿನ್ನನ್ನು ಕೇಳಿದವರಿಗೆ ಹೇಳು, ಅಗತ್ಯದ ಕೆಲಸ ಅಲ್ಲವೇ ಅಲ್ಲ, ಸಂತೋಷಕ್ಕೇ ಮಾಡುತ್ತಿದ್ದೇವೆ ಅಂತ. ಗಂಡಸರು ಗ್ಯಾಲರಿಯಲ್ಲಿ ಕೂರುವುದು ಯಾವ ಅಗತ್ಯಕ್ಕೆ?

ಹುಡುಗಿ: ಹಾಗಾದರೆ ನೀವು ಒಪ್ಪಿದಿರಿ!

ಟೀಚರ್: ಯೋಚನೆಗೆ ಒಪ್ಪಿದೆ. ಪುಸ್ತಕ ಇನ್ನೂ ನೋಡಿಲ್ಲ. ಕೊಡು. ಇದೇನಿದು, ‘ಪ್ರೀತಿಯಿಂದ ಮಕ್ಕಳನ್ನು ನೋಡಿಕೊಳ್ಳುವ ಮನಸ್ಸಿರುವ ಎಲ್ಲರಿಗೂ ಸ್ವಾಗತ’?

ಹುಡುಗಿ: ಸ್ವಯಂಸೇವಕರಿಗೆ ಕರೆ.

ಟೀಚರ್: ಹೊಡೆದು ಹಾಕು. ಎಲ್ಲರಿಗೂ ಸ್ವಾಗತ ಅಂತ ಬರೆದ ಕಡೆ ಯಾರು ಬರುತ್ತಾರೆ ಅಂತ ನಿನಗೆ ಗೊತ್ತಿರುವುದಿಲ್ಲ. ಗುರುತಿಲ್ಲದವರು ಬೇಡ. ಪ್ರತಿಯೊಬ್ಬರ ಹೆಸರಿಗೂ ಊರಿನ ಇಬ್ಬರು ಜವಾಬ್ದಾರಿ ಹೇಳಬೇಕು. ಹದಿನೆಂಟು ತುಂಬಿರಬೇಕು. ಕಾಲೇಜಿನ ಮಕ್ಕಳು ಸಹಾಯಕ್ಕೆ ಇರಲಿ, ಲೆಕ್ಕಕ್ಕೆ ಬೇಡ. ಒಬ್ಬರೇ ಮಗುವಿನೊಂದಿಗೆ ಇರುವಂತಿಲ್ಲ, ಯಾವಾಗಲೂ ಇಬ್ಬರು. ಬಾಗಿಲು, ಕಿಟಕಿ ತೆರೆದೇ ಇರಬೇಕು. ಚಡ್ಡಿ ಬದಲಿಸುವುದು ಹೆತ್ತವರ ಕೆಲಸ, ಕರೆದರೆ ಬಂದು ಬದಲಿಸಲಿ. 2012ರ ಪೋಕ್ಸೋ ಕಾಯ್ದೆ ನಿನಗೆ ಗೊತ್ತಲ್ಲ, ಏನಾದರೂ ನಡೆದದ್ದು ತಿಳಿದೂ ಬಾಯಿ ಮುಚ್ಚಿಕೊಂಡರೆ ಅದೂ ಅಪರಾಧ. 1098 ಅಂತ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಗೋಡೆಗೆ ದೊಡ್ಡದಾಗಿ ಅಂಟಿಸು.

ಹುಡುಗಿ: ಇಷ್ಟೆಲ್ಲ ಹೇಳಿದರೆ ಬರುವವರು ಬೇಜಾರು ಮಾಡಿಕೊಳ್ಳುವುದಿಲ್ಲವೇ? ಎಲ್ಲರೂ ನಮ್ಮವರೇ...

ಟೀಚರ್: ‘ನಮ್ಮವರೇ’ ಅನ್ನುವ ಮಾತಿಗೆ ಒಂದು ಕತೆ ಹೇಳುತ್ತೇನೆ. ಎಷ್ಟೋ ವರ್ಷದ ಹಿಂದೆ ಒಂದೂರಿನ ಹಬ್ಬ. ನಾನೂ ಇನ್ನಿಬ್ಬರೂ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡಿದ್ದೆವು. ಒಬ್ಬ ಬಂದು ‘ಇವಳು ನನ್ನ ಅಕ್ಕನ ಮಗಳು’ ಅಂದ. ಮಗುವೂ ‘ಮಾಮ’ ಅಂತ ಓಡಿಹೋಯಿತು. ಕಳಿಸಿಬಿಟ್ಟೆ. ಹತ್ತು ನಿಮಿಷಕ್ಕೆ ತಾಯಿ ಬಂದಳು. ಮಗು ಇಲ್ಲ. ಅವಳು ಕೂಗಿದ ಕೂಗು ನನ್ನ ಕಿವಿಯಲ್ಲಿ ಇವತ್ತಿಗೂ ಇದೆ. ಅರ್ಧ ಗಂಟೆಯ ಮೇಲೆ ಸಿಕ್ಕಿತು, ಐಸ್‌ಕ್ಯಾಂಡಿ ಚೀಪುತ್ತಾ. ಅವನು ನಿಜವಾಗಿಯೂ ಸೋದರಮಾವನೇ. ಆದರೂ ತಪ್ಪು ನನ್ನದು. ತಂದು ಬಿಟ್ಟವರು ಒಬ್ಬರು, ಕರೆದುಕೊಂಡು ಹೋದವರು ಇನ್ನೊಬ್ಬರು.

ಹುಡುಗಿ: ಅದಕ್ಕೆ ಏನು ಮಾಡುವುದು?

ಟೀಚರ್: ಚೀಟಿ. ಒಂದೇ ಸಂಖ್ಯೆಯ ಎರಡು ಚೀಟಿ. ಒಂದು ಮಗುವಿನ ಕೈಗೆ ಪಟ್ಟಿಯಾಗಿ, ಇನ್ನೊಂದು ಬಿಟ್ಟುಹೋದವರ ಜೇಬಿಗೆ. ಶಬರಿಮಲೆಗೆ ಹೋದವರನ್ನು ಕೇಳು, ಪಂಪೆಯಲ್ಲಿ ಪೊಲೀಸರು ಮಕ್ಕಳ ಕೈಗೆ ಹೆಸರು, ಫೋನ್ ನಂಬರಿನ ಪಟ್ಟಿ ಕಟ್ಟುತ್ತಾರೆ. ನಮಗೆ ಅದರಲ್ಲಿ ಹೆಸರು ಬೇಡ, ಸಂಖ್ಯೆ ಸಾಕು. ಪಟ್ಟಿಯಲ್ಲಿ ಹೆಸರಿದ್ದರೆ ಯಾರು ಬೇಕಾದರೂ ಓದಿಕೊಂಡು ಹೆಸರು ಹಿಡಿದು ಕರೆಯಬಹುದು. ಹೆಸರು ಕರೆದವರೆಲ್ಲ ಮಗುವಿಗೆ ನೆಂಟರೇ.

ಹುಡುಗಿ: ತಾಯಿಯನ್ನು ಕರೆಯಬೇಕಾದರೆ? ಜನ ಸೇರಿದಾಗ ಮೈದಾನದಲ್ಲಿ ಫೋನೇ ಹೋಗುವುದಿಲ್ಲ.

ಟೀಚರ್: ಮೈಕ್ ಇದೆಯಲ್ಲ. ‘ಹದಿನಾಲ್ಕನೆಯ ಚೀಟಿಯವರು ಮಕ್ಕಳ ಕೋಣೆಗೆ ಬನ್ನಿ’. ಅಷ್ಟೇ ಸಾಕು. ಮಗುವಿನ ಹೆಸರು, ಅಳುತ್ತಿದೆ, ವಾಂತಿ ಮಾಡಿತು ಇದೆಲ್ಲ ಊರಿಗೆ ಕೇಳಬೇಕಾಗಿಲ್ಲ. ಚೀಟಿ ಕಳೆದುಕೊಂಡು ಬಂದರೆ, ಬಿಡುವಾಗ ಸಹಿ ಹಾಕಿದವರೇ ಬಂದು ಸಹಿ ಹಾಕಬೇಕು. ಶಾಸಕರ ಮಗುವಾದರೂ ಅದೇ, ಗ್ಯಾಲರಿ ಗುಡಿಸುವವಳ ಮಗುವಾದರೂ ಅದೇ.

ಹುಡುಗಿ: ಗುಡಿಸುವವರ ಮಕ್ಕಳೂ ಬರಬಹುದೇ? ನಾನು ತಂಡಗಳ ಕುಟುಂಬ ಅಂತ ಬರೆದಿದ್ದೆ.

ಟೀಚರ್: ನೋಡಿದೆ. ಅದನ್ನೂ ತಿದ್ದು. ಆಟ ನೋಡಲು ಬರುವವರು ಎಲ್ಲ ಜಾತಿಯವರು. ಅದರ ಮೇಲೆ ಅಡುಗೆ ಪಾತ್ರೆ ತೊಳೆಯುವವರು, ಕುರ್ಚಿ ಹೊರುವವರು, ಚುರುಮುರಿ ಮಾರುವವರು. ಅವರ ಮಕ್ಕಳು ಹಂಡೆಯ ಬುಡದಲ್ಲೇ ಆಡುತ್ತಿರುತ್ತವೆ. ಕುದಿಯುವ ಎಣ್ಣೆ, ಸಾರು ಅಲ್ಲಿ. ನಿನ್ನ ಕೋಣೆ ಯಾರಿಗಾದರೂ ಮೊದಲು ಬೇಕಾದರೆ ಅವರಿಗೆ ಬೇಕು. ಎಷ್ಟು ಮಕ್ಕಳಿಗೆ ಜಾಗ ಅಂತ ಬರೆದಿದ್ದೀಯ?

ಹುಡುಗಿ: ಐವತ್ತು. ಕೇಂದ್ರ ಸರಕಾರದ 2018ರ ಶಿಶುಪಾಲನಾ ಮಾರ್ಗಸೂಚಿ ನೋಡಿದೆ. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ತರಬೇತಿ ಪಡೆದ ಒಬ್ಬರು, ಮೂರು ದಾಟಿದವರಾದರೆ ಇಪ್ಪತ್ತಕ್ಕೆ ಒಬ್ಬರು, ಜೊತೆಗೆ ಒಬ್ಬ ಸಹಾಯಕಿ. ಹಾಗಾಗಿ ಆರು ಜನ ಸಾಕು ಅಂತ ಲೆಕ್ಕ ಹಾಕಿದೆ.

ಟೀಚರ್: ಆ ಲೆಕ್ಕ ದಿನಾ ಬರುವ ಮಕ್ಕಳಿಗೆ. ಅವುಗಳಿಗೆ ಕೋಣೆ ಗೊತ್ತು, ಮುಖ ಗೊತ್ತು, ಊಟದ ಹೊತ್ತು ಗೊತ್ತು. ಇಪ್ಪತ್ತಲ್ಲ, ಮೂವತ್ತನ್ನೂ ಕೂರಿಸಿದ್ದೇನೆ ನಾನು. ಹಬ್ಬದ ದಿನ ಬರುವ ಮಗುವಿಗೆ ನೀನು ಯಾರೋ. ಹೊರಗೆ ಕೂಗಾಟ, ಪಟಾಕಿ. ಒಂದು ಅತ್ತರೆ ಸಾಲಾಗಿ ಎಲ್ಲ ಶುರುಮಾಡುತ್ತವೆ. ಐದಕ್ಕೆ ಒಬ್ಬರು ಇರಲೇಬೇಕು. ಎರಡೂವರೆ ವರ್ಷದ ಒಳಗಿನವು ಬೇಡ. ಅವುಗಳಿಗೆ ಪಕ್ಕದಲ್ಲಿ ಪರದೆ ಕಟ್ಟಿದ ಮೂಲೆ ಮಾಡು, ತಾಯಿ ಬಂದು ಹಾಲು ಕುಡಿಸಿಕೊಂಡು ಹೋಗಲಿ, ಮಲಗಿಸಲಿ. ಮೇಲೆ ಎಂಟು ವರ್ಷದವರೆಗೆ ಸಾಕು. ಆಮೇಲಿನವು ಕೋಣೆಯಲ್ಲಿ ನಿಲ್ಲುವುದಿಲ್ಲ, ಗೋಲ್ ಪೋಸ್ಟಿನ ಹಿಂದೆ ಇರುತ್ತವೆ.

ಹುಡುಗಿ: ಅಳು ನಿಲ್ಲಿಸದ ಮಗುವನ್ನು?

ಟೀಚರ್: ಕಾಲು ಗಂಟೆ ನೋಡು. ಎತ್ತಿಕೋ, ನೀರು ಕೊಡು, ಕಿಟಕಿಯಲ್ಲಿ ಕಾಗೆ ತೋರಿಸು. ನಿಲ್ಲದಿದ್ದರೆ ಮೈಕಿಗೆ ಹೇಳು. ಮಗುವನ್ನು ಗೆಲ್ಲುವ ಪಂತ ಕಟ್ಟಬೇಡ. ನಾವು ಅಲ್ಲಿರುವುದು ಎರಡು ಗಂಟೆಗೆ, ಅದರ ಜೀವನ ತಿದ್ದುವುದಕ್ಕಲ್ಲ.

ಹುಡುಗಿ: ಜಾಗಕ್ಕೆ ಗ್ಯಾಲರಿಯ ಪಕ್ಕ ಒಂದು ಶಾಮಿಯಾನ ಹಾಕಿಸುವುದು ಅಂತ...

ಟೀಚರ್: ಮೇ ತಿಂಗಳಲ್ಲಿ ಶಾಮಿಯಾನ! ಇವತ್ತಿನ ಮಳೆ ನೋಡಿದೆಯಲ್ಲ. ಮೂರು ಗಂಟೆಗೆ ಗಾಳಿ ಎದ್ದರೆ ಕಂಬ ಮಕ್ಕಳ ತಲೆಯ ಮೇಲೆ. ಹಾಕಿ ಚೆಂಡು ಎಷ್ಟು ಗಟ್ಟಿ ಅಂತ ನಿನ್ನ ಅಪ್ಪನ ಮೊಣಕಾಲನ್ನು ಕೇಳು. ಶಾಲೆಗಳಿಗೆ ರಜೆ, ಕೋಣೆಗಳು ಖಾಲಿ. ಹೆಡ್‌ಮಾಸ್ಟರಿಗೆ ಈಗಲೇ ಒಂದು ಪತ್ರ ಕೊಡು. ಕೋಣೆಯ ಬೀಗದ ಕೈ ಜೊತೆಗೆ ಶೌಚಾಲಯದ ಬೀಗದ ಕೈಯನ್ನೂ ಕೇಳು. ಜನ ಮೊದಲನೆಯದನ್ನು ಕೇಳುತ್ತಾರೆ, ಎರಡನೆಯದನ್ನು ಮರೆಯುತ್ತಾರೆ. ಹಿಂದಿನ ದಿನ ಹೋಗಿ ನಲ್ಲಿಯಲ್ಲಿ ನೀರು ಬರುತ್ತದೆಯೇ ನೋಡು. ಬಾವಿ ಇದ್ದರೆ ಮುಚ್ಚಿಸು. ಮೂಲೆಯಲ್ಲಿ ಕಣಜದ ಗೂಡಿದ್ದರೆ ತೆಗೆಸು.

ಹುಡುಗಿ: ತಿಂಡಿ? ಬಿಸ್ಕತ್ತು, ಚಾಕೊಲೇಟು ಕೊಡಲು ಅಂಗಡಿಯವರೊಬ್ಬರು ಒಪ್ಪಿದ್ದಾರೆ.

ಟೀಚರ್: ಬೇಡ. ಯಾವ ಮಗುವಿಗೆ ಯಾವುದು ಆಗುವುದಿಲ್ಲ ಅಂತ ನಿನಗೇನು ಗೊತ್ತು? ಕಡಲೆಬೀಜ ತಿಂದು ಮೈಯೆಲ್ಲ ದದ್ದೆದ್ದ ಮಗುವನ್ನು ನೋಡಿದ್ದೇನೆ. ಕುದಿಸಿ ಆರಿಸಿದ ನೀರು ಇಡು. ತಿನ್ನಲು ಕೊಡುವುದಿದ್ದರೆ ಮನೆಯವರೇ ಡಬ್ಬಿಯಲ್ಲಿ ಹಾಕಿಕೊಡಲಿ, ಡಬ್ಬಿಯ ಮೇಲೂ ಚೀಟಿಯ ಸಂಖ್ಯೆ ಅಂಟಿಸು. ಔಷಧಿ ನಾವು ಕೊಡುವುದಿಲ್ಲ. ಜ್ವರ, ಕೆಮ್ಮು ಇರುವ ಮಗುವನ್ನು ಸೇರಿಸುವುದಿಲ್ಲ. ಫೋಟೊ ತೆಗೆಯುವಂತಿಲ್ಲ, ನೀನೂ ತೆಗೆಯಬೇಡ.

ಹುಡುಗಿ: ಒಂದು ಫೋಟೊ ಇದ್ದರೆ ಮುಂದಿನ ವರ್ಷ ಜನರಿಗೆ ತೋರಿಸಬಹುದಿತ್ತು.

ಟೀಚರ್: ಖಾಲಿ ಕೋಣೆಯದು ತೆಗೆ. ಚಾಪೆ, ಬಣ್ಣದ ಪೆನ್ಸಿಲ್, ಮರದ ತುಂಡು. ಅದನ್ನು ತೋರಿಸು. ಈಗ ಜನರ ಲೆಕ್ಕ ಹಾಕು. ಐವತ್ತು ಬಿಡು, ಹದಿನೈದು ಮಕ್ಕಳು. ಒಳಗೆ ಮೂವರು, ಬಾಗಿಲಲ್ಲಿ ಪುಸ್ತಕ ಹಿಡಿದು ಒಬ್ಬರು.

ಹುಡುಗಿ: ನಾಲ್ಕು ಜನ. ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರವರೆಗೆ.

ಟೀಚರ್: ಆರು ಗಂಟೆ ಒಬ್ಬರನ್ನೇ ಕೂರಿಸಿದರೆ ಕೊನೆಯ ಎರಡು ಗಂಟೆ ಅವರು ಮಕ್ಕಳನ್ನು ಬೈಯುತ್ತಾರೆ. ಎರಡು ಗಂಟೆಗೊಂದು ಸರದಿ.

ಹುಡುಗಿ: ಮೂರು ಸರದಿಗೆ ಹನ್ನೆರಡು ಹೆಸರು. ಎರಡು ದಿನಕ್ಕೆ ಇಪ್ಪತ್ನಾಲ್ಕು! ಅಷ್ಟು ಜನ ಎಲ್ಲಿಂದ ತರಲಿ ಟೀಚರ್? ನನ್ನ ಪಟ್ಟಿಯಲ್ಲಿ ಒಂಬತ್ತೇ ಇವೆ.

ಟೀಚರ್: ಓದು.

ಹುಡುಗಿ: ನಾನು, ಅಮ್ಮ, ಅತ್ತಿಗೆ, ಚಿಕ್ಕಮ್ಮ, ಅಂಗನವಾಡಿಯ ಈಗಿನ ಟೀಚರ್, ಅವರ ಸಹಾಯಕಿ, ಸಂಘದ ಇಬ್ಬರು ಅಕ್ಕಂದಿರು, ನೀವು.

ಟೀಚರ್: ನಿನಗೇ ಕೇಳಿಸಿತೋ ಇಲ್ಲವೋ?

ಹುಡುಗಿ: ...ಎಲ್ಲರೂ ಹೆಂಗಸರು.

ಟೀಚರ್: ಜೀಪಿನಲ್ಲಿ ಕೂತಿದ್ದ ನಿನ್ನ ಅಮ್ಮನನ್ನು ಇಳಿಸಿ ಶಾಲೆಯ ಕೋಣೆಯಲ್ಲಿ ಕೂರಿಸುತ್ತೀಯ. ಮೊದಲು ಒಂದು ಮಗು ಇತ್ತು, ಈಗ ಹದಿನೈದು. ಸೇವೆ ಅಂತ ಹೆಸರಿಟ್ಟ ಕೆಲಸ ಯಾವಾಗಲೂ ಹೀಗೆಯೇ ಇಳಿಜಾರಿನಲ್ಲಿ ನೀರು ಹರಿದ ಹಾಗೆ ನಮ್ಮ ಕಡೆಗೆ ಹರಿದು ಬರುತ್ತದೆ. ಪಾರ್ಕಿಂಗ್‌ಗೆ ಗಂಡಸರು, ಮೈಕಿಗೆ ಗಂಡಸರು, ಅಂಪೈರಿಂಗ್‌ಗೆ ಹೆಚ್ಚಾಗಿ ಗಂಡಸರು. ಆ ಕೆಲಸ ಮಾಡಿಕೊಂಡೇ ಅವರು ಆಟವನ್ನೂ ನೋಡಬಹುದು. ಮಗು ನೋಡುತ್ತಾ ಆಟ ನೋಡಲಾಗುವುದಿಲ್ಲ. ಕಣ್ಣು ಎರಡು ಕಡೆ ಇರಲಾರದು.

ಹುಡುಗಿ: ತಂಡಕ್ಕೆ ಇಬ್ಬರ ಹೆಸರು ಕೇಳಿದರೆ? ಒಬ್ಬ ಗಂಡಸು, ಒಬ್ಬ ಹೆಂಗಸು. ಹೆಸರು ಕೊಡುವಾಗ ಆಟಗಾರರ ಪಟ್ಟಿಯ ಜೊತೆಯಲ್ಲೇ ಕೊಡಬೇಕು. ನಮ್ಮಲ್ಲಿ ಹದಿನಾರು ತಂಡ ಬರುತ್ತವೆ. ಮೂವತ್ತೆರಡು ಹೆಸರು. ಇಪ್ಪತ್ನಾಲ್ಕು ಸಾಕಲ್ಲ, ಎಂಟು ಜನ ಹೆಚ್ಚುವರಿ!

ಟೀಚರ್: ಈಗ ದಾರಿಗೆ ಬಂದೆ. ಆಟಗಾರರ ಪಟ್ಟಿಯ ಕೆಳಗೆ ಎರಡು ಗೆರೆ ಎಳೆದು ‘ಮಕ್ಕಳ ಕೋಣೆಗೆ’ ಅಂತ ಅಚ್ಚು ಹಾಕಿಸು. ಗೆರೆ ಇದ್ದರೆ ಜನ ತುಂಬುತ್ತಾರೆ. ಅವರ ತಂಡ ಆಡುವ ಹೊತ್ತಿಗೆ ಅವರಿಗೆ ಸರದಿ ಹಾಕಬೇಡ. ಬೇರೆ ತಂಡ ಆಡುವಾಗ ಬರಲಿ. ಹಿಂದಿನ ಸಂಜೆ ಎಲ್ಲರಿಗೂ ಒಂದು ಗಂಟೆ ನಾನು ಹೇಳಿಕೊಡುತ್ತೇನೆ. ಪ್ರತಿ ಸರದಿಯಲ್ಲೂ ಮಕ್ಕಳ ಜೊತೆ ಕೆಲಸ ಮಾಡಿ ಗೊತ್ತಿರುವ ಒಬ್ಬರಾದರೂ ಇರುವಂತೆ ನೋಡಿಕೋ.

ಹುಡುಗಿ: ಇದು ನಡೆದರೆ ದೊಡ್ಡ ನಮ್ಮೆಗೂ ಹೇಳಬಹುದು ಟೀಚರ್! 396 ತಂಡ, ಇಬ್ಬರಂತೆ 792 ಜನ. ಶನಿವಾರ, ಭಾನುವಾರ, ಕೊನೆಯ ಮೂರು ದಿನ ಸೇರಿಸಿದರೆ ಹನ್ನೊಂದು ದಿನ. ದಿನಕ್ಕೆ ಐವತ್ತು ಮಕ್ಕಳೆಂದರೂ ಒಳಗೆ ಹತ್ತು, ಬಾಗಿಲಲ್ಲಿ ಇಬ್ಬರು, ಮೂರು ಸರದಿ... ದಿನಕ್ಕೆ ಮೂವತ್ತಾರು. ಹನ್ನೊಂದು ದಿನಕ್ಕೆ 396. ತಂಡಕ್ಕೆ ಒಬ್ಬರೇ ಸಾಕು! ತಿಂಗಳಲ್ಲಿ ಒಬ್ಬರು, ಅದೂ ಎರಡೇ ಗಂಟೆ!

ಟೀಚರ್: ಕಾಗದದ ಮೇಲೆ ಎಲ್ಲವೂ ನಡೆಯುತ್ತದೆ. ಮೊದಲು ಮೂರ್ನಾಡಿನಲ್ಲಿ ಹದಿನೈದು ಮಕ್ಕಳನ್ನು ಎರಡು ದಿನ ನೋಡು. ಹದಿನಾರನೆಯ ಮಗು ಬಂದರೆ ಇಲ್ಲ ಅಂತ ಹೇಳಲು ಕಲಿ. ಅದು ಅಪ್ಪಿಕೊಳ್ಳುವುದಕ್ಕಿಂತ ಕಷ್ಟದ ಕೆಲಸ. ಐದು ಗಂಟೆಗೆ ಮುಚ್ಚುತ್ತೇವೆ ಅಂದರೆ ಮುಚ್ಚಬೇಕು. ತಡಮಾಡಿ ಬಂದವರ ಸಂಖ್ಯೆಯನ್ನು ಐದು ನಿಮಿಷಕ್ಕೊಮ್ಮೆ ಮೈಕಿನಲ್ಲಿ ಕೂಗಿಸು, ಮರುದಿನ ತಡವಾಗುವುದಿಲ್ಲ. ಎರಡು ದಿನವೂ ಆದ ಮೇಲೆ ಪುಸ್ತಕ ತೆಗೆದು ಕೂರೋಣ. ಎಷ್ಟು ಮಕ್ಕಳು ಬಂದವು, ಎಷ್ಟು ಸಲ ಮೈಕ್ ಕರೆಯಬೇಕಾಯಿತು, ಸರದಿಗೆ ಬಾರದವರು ಯಾರು. ಆ ಪುಸ್ತಕ ಹಿಡಿದುಕೊಂಡು ದೊಡ್ಡವರ ಹತ್ತಿರ ಹೋಗು. ನಾಪೋಕ್ಲಾಗಲಿ, ಮಡಿಕೇರಿಯಾಗಲಿ, ವಿರಾಜಪೇಟೆಯಾಗಲಿ, ಎಲ್ಲ ದಾರಿಯೂ ಇಲ್ಲಿಂದಲೇ ಹೊರಡುತ್ತದೆ.

ಹುಡುಗಿ: ಸರದಿಯ ಪಟ್ಟಿ ಈಗಲೇ ಬರೆದುಬಿಡೋಣವೇ?

ಟೀಚರ್: ಬರೆ. ಎರಡನೆಯ ದಿನ, ಮೂರರಿಂದ ಐದು. ಫೈನಲ್ ಹೊತ್ತು. ಅಲ್ಲಿ ಯಾರ ಹೆಸರು ಬರೆಯುತ್ತಿದ್ದೀಯ? ಮುಚ್ಚಿಕೊಳ್ಳಬೇಡ, ತೋರಿಸು.

ಹುಡುಗಿ: ನಿಮ್ಮದು. ಆ ಹೊತ್ತಿಗೆ ಬೇರೆ ಯಾರೂ ಒಪ್ಪುವುದಿಲ್ಲ ಅಂತ...

ಟೀಚರ್: ಅಳಿಸು. ಮೂವತ್ತೈದು ವರ್ಷ ಊರಿನ ಮಕ್ಕಳನ್ನು ನೋಡಿದೆ. ಒಂದು ಫೈನಲ್ ಇನ್ನೂ ನೋಡಿಲ್ಲ. ಆ ದಿನ ನನಗೂ ನಿನ್ನ ಅಮ್ಮನಿಗೂ ಗ್ಯಾಲರಿಯಲ್ಲಿ ಮುಂದಿನ ಸಾಲಿನಲ್ಲಿ ಎರಡು ಕುರ್ಚಿ ಹಿಡಿದಿಡು. ಅಂಗನವಾಡಿಯ ಸಹಾಯಕಿಗೆ ಹಾಕಿ ಆಟ ಅಂದರೆ ಅಷ್ಟಕ್ಕಷ್ಟೇ, ಆಗಲಿ ಅಂದಾಳು, ಅವಳನ್ನು ಕೇಳಿ ಹಾಕು. ಅವಳ ಜೊತೆಗೆ ನಿನ್ನ ಅಪ್ಪನ ಹೆಸರು ಬರೆ.

ಹುಡುಗಿ: ಅಪ್ಪನಿಗೆ ಮಕ್ಕಳನ್ನು ನೋಡಿಕೊಂಡು ಅಭ್ಯಾಸವೇ ಇಲ್ಲ ಟೀಚರ್.

ಟೀಚರ್: ಹಿಂದಿನ ಸಂಜೆ ತರಬೇತಿಗೆ ಬರಲಿ. ಯಾರು ಗೋಲು ಹೊಡೆದರು ಅಂತ ಮನೆಗೆ ಹೋಗುವಾಗ ಅಮ್ಮ ಹೇಳುತ್ತಾರೆ.